ಎದೆಪಟ್ಟಿಯೋ ಕತ್ತಿನ ಕಾಲರೋ, ಎರಡು ಗಾಲಿಯೋ ನಾಲ್ಕು ಗಾಲಿಯೋ: ಕುದುರೆಗಾಡಿ ಕಲಿಯುವವರಿಗೆ ಒಂದು ಹೋಲಿಕೆ

ಕುದುರೆಗಾಡಿಯ ಸಜ್ಜನ್ನು ಮೊದಲ ಸಲ ಗೂಟದ ಮೇಲೆ ನೇತುಹಾಕಿದ್ದನ್ನು ಕಂಡವರಿಗೆ ಅದು ಬಿಡಿಸಲಾಗದ ಬಾರುಗಳ ಗೋಜಲಿನಂತೆ ತೋರುವುದು ಸಹಜ. ಆದರೆ ಅದರಲ್ಲಿ ಎಳೆಯುವ ಭಾಗ ಯಾವುದು, ಹೊರುವ ಭಾಗ ಯಾವುದು, ತಡೆಯುವ ಭಾಗ ಯಾವುದು ಎಂದು ವಿಂಗಡಿಸಿಕೊಂಡರೆ ಗೋಜಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಎದೆಪಟ್ಟಿ ಅಥವಾ ಕತ್ತಿನ ಕಾಲರ್ ಮತ್ತು ಅದಕ್ಕೆ ಜೋಡಿಸಿದ ಎಳೆಬಾರುಗಳು ಗಾಡಿಯನ್ನು ಎಳೆಯುತ್ತವೆ. ಬೆನ್ನಿನ ಮೇಲಿನ ಸಣ್ಣ ಜೀನು ಮತ್ತು ಅದರ ಕುಣಿಕೆಗಳು ಮೂಕಿಗಳನ್ನು, ಅಂದರೆ ಗಾಡಿಯಿಂದ ಮುಂದಕ್ಕೆ ಚಾಚಿ ಕುದುರೆಯ ಎರಡೂ ಬದಿಗೆ ಬರುವ ಉದ್ದನೆಯ ದಂಡಗಳನ್ನು, ಹೊರುತ್ತವೆ. ತೊಡೆಯ ಹಿಂಭಾಗವನ್ನು ಬಳಸಿ ಬರುವ ಹಿಂಪಟ್ಟಿ ಇಳಿಜಾರಿನಲ್ಲಿ ಗಾಡಿಯನ್ನು ತಡೆಯುತ್ತದೆ. ಇಂಗ್ಲೆಂಡಿನ ಒಂದು ಲಾಯದಲ್ಲಿ ಕಲಿಯುವಾಗ ಇವುಗಳ ಬೇರೆ ಬೇರೆ ಬಗೆಗಳನ್ನು ಬಳಸಿ ನೋಡಲು ನನಗೆ ಅವಕಾಶ ಸಿಕ್ಕಿತು. ಆ ಅನುಭವವೇ ಈ ಹೋಲಿಕೆಗೆ ಆಧಾರ.

ಎಳೆಯುವ ಭಾಗದಲ್ಲಿ ನನಗೆ ಮೊದಲು ಹಿಡಿಸಿದ್ದು ಎದೆಪಟ್ಟಿ. ಅದು ಅಗಲವಾದ ಒಂದೇ ಪಟ್ಟಿ; ಕುದುರೆ ಸ್ವಲ್ಪ ದಪ್ಪವಾದರೂ ಸೊರಗಿದರೂ ಬಕಲ್‌ನ ತೂತು ಬದಲಿಸಿದರೆ ಸಾಕು, ಇನ್ನೊಂದು ಕುದುರೆಗೂ ಅದನ್ನೇ ಹೊಂದಿಸಬಹುದು. ಅದು ಶ್ವಾಸನಾಳಕ್ಕಿಂತ ಕೆಳಗೆ, ಭುಜದ ಮೂಳೆಯ ತುದಿಗಿಂತ ಮೇಲೆ ಕುಳಿತಿರಬೇಕು, ಮತ್ತು ಈ ಎರಡರ ನಡುವಿನ ಜಾಗ ಹೆಚ್ಚೇನೂ ಇಲ್ಲ. ಎಳೆಬಾರು ಗಾಡಿಗೆ ಸೇರುವ ಬಿಂದು ಎತ್ತರದಲ್ಲಿದ್ದರೆ ಪಟ್ಟಿ ಮೇಲಕ್ಕೆ ಜಗ್ಗಿ ಕತ್ತನ್ನು ಒತ್ತುತ್ತದೆ. ಆದ್ದರಿಂದ ಎದೆಪಟ್ಟಿಯನ್ನು ಕೊಳ್ಳುವ ಮುನ್ನ ಗಾಡಿಯನ್ನು ನೋಡಬೇಕು. ಕುದುರೆಯ ಭುಜ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಚಲಿಸುವುದರಿಂದ, ಗಾಡಿಯಲ್ಲಿ ಸ್ವಿಂಗಲ್‌ಟ್ರೀ ಎನ್ನುವ, ನಡುವೆ ಕೀಲಿರುವ ಅಡ್ಡಮರ ಇರಲೇಬೇಕು. ಅದಿಲ್ಲದಿದ್ದರೆ ಪಟ್ಟಿ ಉಜ್ಜಿ ಚರ್ಮ ಸುಲಿಯುತ್ತದೆ.

ಕತ್ತಿನ ಕಾಲರ್ ಭಾರವನ್ನು ಎರಡೂ ಭುಜಗಳ ಮೇಲೆ ಹರಡುತ್ತದೆ. ಒದ್ದೆ ಹುಲ್ಲುಗಾವಲಿನ ಏರಿನಲ್ಲಿ ಇಬ್ಬರನ್ನು ಕೂರಿಸಿಕೊಂಡ ಅದೇ ಗಾಡಿಯನ್ನು ಅದೇ ಕುದುರೆ ಎರಡೂ ಸಜ್ಜಿನಲ್ಲಿ ಎಳೆದಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು: ಕಾಲರ್ ಇದ್ದಾಗ ಅದು ತಲೆ ತಗ್ಗಿಸಿ, ಬೆನ್ನು ಬಳಸಿ, ನಿಧಾನವಾಗಿ ಆದರೆ ತಡೆಯಿಲ್ಲದೆ ಹತ್ತುತ್ತಿತ್ತು. ಆದರೆ ಕಾಲರ್ ಒಂದು ಕುದುರೆಗೆ ಅಳತೆ ಮಾಡಿದ್ದಾಗಿರಬೇಕು. ಬದಿಗಳಲ್ಲಿ ಬೆರಳುಗಳು, ತಳದಲ್ಲಿ ಚಪ್ಪಟೆಯಾಗಿ ಹಿಡಿದ ಅಂಗೈ ತೂರುವಷ್ಟು ಮಾತ್ರ ಸಡಿಲವಿರಬೇಕು. ಚಳಿಗಾಲ ಕಳೆದು ಕುದುರೆಯ ಮೈ ಬದಲಾದರೆ ಹೋದ ವರ್ಷದ ಕಾಲರ್ ಈ ವರ್ಷಕ್ಕೆ ಸರಿಹೋಗದಿರಬಹುದು. ಅದನ್ನು ತೊಡಿಸುವುದಕ್ಕೂ ಅಭ್ಯಾಸ ಬೇಕು: ತಲೆಕೆಳಗಾಗಿ ಹಿಡಿದು ತಲೆಯ ಮೇಲಿನಿಂದ ತೂರಿಸಿ, ಕತ್ತು ಕಿರಿದಾಗಿರುವ ಕಡೆ ತಿರುಗಿಸಿ ಕೆಳಗಿಳಿಸಬೇಕು. ಹಗುರ ಗಾಡಿಯೊಂದಿಗೆ ಕಲಿಯುವವರಿಗೆ ಎದೆಪಟ್ಟಿಯೇ ಸಾಕು. ಏರುದಾರಿ ಮತ್ತು ತೂಕದ ಗಾಡಿ ಇದ್ದಲ್ಲಿ ಮಾತ್ರ ನಾನು ಕಾಲರಿನ ಖರ್ಚನ್ನು ಸಮರ್ಥಿಸುತ್ತೇನೆ.

ಗಾಲಿಗಳ ವಿಷಯದಲ್ಲಿ ತೀರ್ಮಾನ ಇಷ್ಟು ಸುಲಭವಲ್ಲ. ಎರಡು ಗಾಲಿಯ ಗಾಡಿಯಲ್ಲಿ ಕುಳಿತವರ ತೂಕದ ಒಂದು ಪಾಲು ಮೂಕಿಗಳ ಮೂಲಕ ಕುದುರೆಯ ಬೆನ್ನಿಗೆ ಹೋಗುತ್ತದೆ. ಮೈಸೂರಿನ ಟಾಂಗಾದಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ಇಬ್ಬರು ಹೆಚ್ಚಾಗಿ ಕುಳಿತ ಕೂಡಲೇ ಗಾಡಿಯವನು "ಸ್ವಲ್ಪ ಮುಂದಕ್ಕೆ ಬನ್ನಿ ಸಾಮಿ" ಎನ್ನುವುದು ಈ ತೂಕವನ್ನು ಸರಿದೂಗಿಸುವುದಕ್ಕೇ. ಓಟದಲ್ಲಿ ಮೂಕಿಗಳು ಕುಣಿಕೆಯೊಳಗೆ ಹಗುರವಾಗಿ ತೇಲುವಂತಿದ್ದರೆ ಸಮತೋಲ ಸರಿಯಿದೆ ಎಂದರ್ಥ. ಹೆಚ್ಚು ಮುಂಭಾರವಾದರೆ ಜೀನು ಬೆನ್ನನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿಗಳು ಮೇಲೆದ್ದು ಹೊಟ್ಟೆಪಟ್ಟಿ ಬಿಗಿಯುತ್ತದೆ. ಇಂತಹ ಗಾಡಿ ಇಕ್ಕಟ್ಟಿನಲ್ಲಿ ಸಲೀಸಾಗಿ ತಿರುಗುತ್ತದೆ, ಹಿಂದಕ್ಕೂ ನೇರವಾಗಿ ಸರಿಯುತ್ತದೆ.

ನಾಲ್ಕು ಗಾಲಿಯ ಗಾಡಿಯಲ್ಲಿ ಕುದುರೆ ಹೊರುವುದು ಮೂಕಿಗಳ ತೂಕವನ್ನು ಮಾತ್ರ. ನಾನು ಓಡಿಸಿದ ಆಧುನಿಕ ಗಾಡಿಯಲ್ಲಿ ಕಾಲಿನಿಂದ ಒತ್ತುವ ಡಿಸ್ಕ್ ಬ್ರೇಕ್ ಇತ್ತು. ಇಳಿಜಾರಿನಲ್ಲಿ ಹಿಂಪಟ್ಟಿಯ ಮೇಲೆ ಬೀಳುವ ಭಾರವನ್ನು ಅದು ಬಹುಮಟ್ಟಿಗೆ ತಾನೇ ವಹಿಸಿಕೊಳ್ಳುತ್ತಿತ್ತು. ಅಪಾಯವಿರುವುದು ತಿರುವಿನಲ್ಲಿ. ಮುಂದಿನ ಅಚ್ಚು ಅಡ್ಡಕ್ಕೆ ಪೂರ್ತಿ ತಿರುಗುವ ಗಾಡಿಯನ್ನು ವೇಗವಾಗಿ, ಚಿಕ್ಕ ವೃತ್ತದಲ್ಲಿ ತಿರುಗಿಸಿದರೆ ಅದು ಮಗುಚಬಹುದು. ಹಿಂದಕ್ಕೆ ಸರಿಸುವಾಗಲೂ ಅದೇ ಅಚ್ಚು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಆದರೂ ಮೊದಲ ಪಾಠಗಳಿಗೆ ನಾನು ಇದನ್ನೇ ಆರಿಸುತ್ತೇನೆ, ಏಕೆಂದರೆ ಕಲಿಸುವವರು ಪಕ್ಕದಲ್ಲಿ ಕುಳಿತು ಬ್ರೇಕಿನ ಮೇಲೆ ಕಾಲಿಡಬಹುದು, ಮತ್ತು ಕಲಿಯುವವರ ತೂಕದ ಏರುಪೇರಿಗೆ ಕುದುರೆಯ ಬೆನ್ನು ಬೆಲೆ ತೆರಬೇಕಾಗಿಲ್ಲ.

ಚರ್ಮವೋ ಕೃತಕ ವಸ್ತುವೋ ಎಂಬ ಚರ್ಚೆಗೆ ಹೆಚ್ಚು ಸಮಯ ಬೇಕಿಲ್ಲ. ಬಯೋಥೇನ್ ಎಂಬ ಕೃತಕ ವಸ್ತುವಿನ ಸಜ್ಜನ್ನು ನೀರಿನಲ್ಲಿ ತೊಳೆದು ಒಣಹಾಕಿದರೆ ಮುಗಿಯಿತು; ಚರ್ಮವನ್ನು ಸೋಪು ಹಚ್ಚಿ ಒರೆಸಿ, ಹೊಲಿಗೆ ಬಿಟ್ಟಿದೆಯೇ ಎಂದು ಪರೀಕ್ಷಿಸುತ್ತಿರಬೇಕು. ಚರ್ಮ ನೋಡಲು ಚೆಂದ, ಅಷ್ಟೇ.

ಲಗಾಮು ಹಿಡಿಯುವ ಕ್ರಮದಲ್ಲಿ ಎರಡು ಪಕ್ಷಗಳಿವೆ. ಜರ್ಮನಿಯ ಬೆನ್ನೊ ಫಾನ್ ಆಖೆನ್‌ಬಾಖ್ (1861–1936) ರೂಪಿಸಿದ ಪದ್ಧತಿಯಲ್ಲಿ ಲಗಾಮುಗಳೆಲ್ಲ ಎಡಗೈಯಲ್ಲಿರುತ್ತವೆ. ಬಲಗೈ ನೆರವಾಗುತ್ತದೆ, ಚಾವಟಿ ಹಿಡಿಯುತ್ತದೆ. ಸವಾರನಂತೆ ಕಾಲು ಮತ್ತು ಮೈತೂಕದಿಂದ ಸೂಚನೆ ಕೊಡಲು ಗಾಡಿಯವನಿಗೆ ಆಗದು, ಅವನಿಗಿರುವುದು ಲಗಾಮು, ಧ್ವನಿ ಮತ್ತು ಚಾವಟಿ ಮಾತ್ರ. ಆದ್ದರಿಂದ ಬಲಗೈ ಬಿಡುವಾಗಿರುವುದು ದೊಡ್ಡ ಲಾಭ. ಕೈಗೊಂದು ಲಗಾಮು ಹಿಡಿಯುವ ಕ್ರಮ ಮೊದಲ ದಿನವೇ ಅರ್ಥವಾಗುತ್ತದೆ, ಗಾಡಿ ಸ್ಪರ್ಧೆಯಲ್ಲಿ ಅಡೆತಡೆಗಳ ನಡುವೆ ವೇಗವಾಗಿ ಓಡಿಸುವ ಮ್ಯಾರಥಾನ್ ಸುತ್ತಿನ ಬಿಗಿ ತಿರುವುಗಳಲ್ಲಿ ಚುರುಕಾಗಿಯೂ ಇರುತ್ತದೆ; ಆದರೆ ಚಾವಟಿ ಎತ್ತಿದಾಗಲೆಲ್ಲ ಬಲ ಲಗಾಮು ಜಗ್ಗಿ ಕುದುರೆಯ ಬಾಯಿಗೆ ತಪ್ಪು ಸೂಚನೆ ಹೋಗುತ್ತದೆ. ಒಂಟಿ ಕುದುರೆಯೊಂದಿಗೆ ರಸ್ತೆಯಲ್ಲಿ ಹೋಗುವಾಗ ನಾನು ಈಗ ಆಖೆನ್‌ಬಾಖ್ ಕ್ರಮವನ್ನೇ ಅನುಸರಿಸುತ್ತೇನೆ, ಅಭ್ಯಾಸದ ಅಂಗಳದಲ್ಲಿ ಗುರುತಿಗಿಟ್ಟ ಶಂಕುವಿನಾಕಾರದ ಕೋನುಗಳ ನಡುವೆ ಮಾತ್ರ ಎರಡೂ ಕೈ ಬಳಸುತ್ತೇನೆ.