ಕಾಡುಪಾರಿವಾಳಕ್ಕೆ ಯಾವ ದೀಮ? ಪ್ಲಾಸ್ಟಿಕ್ಕೋ, ಸತ್ತ ಹಕ್ಕಿಯೋ, ತಿರುಗುವ ಯಂತ್ರವೋ

ಫೆಬ್ರವರಿಯಲ್ಲಿ ಹೊಡೆದ ಒಂದು ಹಕ್ಕಿಯ ಗಂಟಲ ಚೀಲವನ್ನು ಬಿಡಿಸಿ ನೋಡಿದ್ದೆ. ದೊಡ್ಡ ನಿಂಬೆಹಣ್ಣಿನಷ್ಟು ಹಸಿರು ಉಂಡೆ. ಎಲ್ಲವೂ ರೇಪ್ ಸೊಪ್ಪಿನ ಚೂರುಗಳು, ಒತ್ತೊತ್ತಾಗಿ ತುಂಬಿದ್ದವು, ಕೋಸಿನ ವಾಸನೆ ಇನ್ನೂ ಹೋಗಿರಲಿಲ್ಲ. ರೇಪ್ ಅಂದ್ರೆ ಸಾಸಿವೆ ಜಾತಿಯ ಎಣ್ಣೆಕಾಳಿನ ಗಿಡ. ಓಕ್ ಕಾಯಿಗಳು ಮುಗಿದ ಮೇಲೆ ಇಂಗ್ಲೆಂಡಿನ ಕಾಡುಪಾರಿವಾಳಗಳಿಗೆ ಚಳಿಗಾಲ ಕಳೆಯಲು ಇದೇ ಆಧಾರ. ಹಿಂಡು ಹಿಂಡಾಗಿ ಇಳಿಯುತ್ತವೆ. ಎಲೆಯ ದಂಟು ಮಾತ್ರ ಉಳಿಸಿ ಹೋಗುತ್ತವೆ.

ನಾನಿರುವುದು ಲಿಂಕನ್‌ಷೈರ್‌ನ ಒಂದು ಹಳ್ಳಿಯಲ್ಲಿ. ಊರು ಕೊಡಗು. ಕೈಲ್ ಮುಹೂರ್ತದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವನು. ಊರಿನಲ್ಲಿ ಮನೆಯ ಕೋವಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇತ್ತು. ಇಲ್ಲಿ ಹಾಗಲ್ಲ. ಪೊಲೀಸರು ಮನೆಗೆ ಬಂದು, ಕೋವಿ ಇಡುವ ಕಬ್ಬಿಣದ ಬೀರು ನೋಡಿ, ಆಮೇಲೆ ಶಾಟ್‌ಗನ್ ಸರ್ಟಿಫಿಕೇಟ್ ಕೊಟ್ಟರು. 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಪಕ್ಕದ ಹೊಲದ ಯಜಮಾನರು ವಯಸ್ಸಾದವರು. ಅವರ ಹೊಲಕ್ಕೆ ಶನಿವಾರ ಬೆಳಿಗ್ಗೆ ಹೋಗಿ ಕೂರುವುದು ನನಗೆ ಈಗ ಅಭ್ಯಾಸ.

ಕೂರುವ ಕ್ರಮ ಸುಲಭ. ಬೇಲಿಯ ಬುಡದಲ್ಲಿ ನಾಲ್ಕು ಕೋಲು ನೆಟ್ಟು ಬಲೆ ಇಳಿಬಿಟ್ಟರೆ ಮರೆ ಸಿದ್ಧ. ಮುಂದೆ 20-25 ಗಜದಲ್ಲಿ ಡೀಕಾಯ್ ಹಕ್ಕಿಗಳನ್ನು ಇಡಬೇಕು. ಬೇಟೆಯ ಪ್ರಾಣಿಯನ್ನು ಹತ್ತಿರಕ್ಕೆ ಸೆಳೆಯುವ ಪ್ರಾಣಿಗೆ ಕನ್ನಡದಲ್ಲಿ ದೀಮ ಅನ್ನುವ ಹಳೆಯ ಹೆಸರಿದೆ. ಎಷ್ಟು ಚೆಂದದ ಮಾತು, ನಾನು ಅದನ್ನೇ ಬಳಸುತ್ತೇನೆ. ಎರಡು ವರ್ಷದಲ್ಲಿ ಮೂರು ಬಗೆಯ ದೀಮ ಇಟ್ಟು ನೋಡಿದ್ದೇನೆ.

ಮೊದಲು ಕೊಂಡದ್ದು ಪ್ಲಾಸ್ಟಿಕ್ ಚಿಪ್ಪುಗಳು. ಒಂದು ಡಜನ್. ಒಂದರೊಳಗೊಂದು ಕೂತು ಚೀಲದ ಮೂಲೆಯಲ್ಲಿ ಅಡಗುತ್ತವೆ, ಭಾರವೇ ಇಲ್ಲ. ಕಡ್ಡಿಯ ಮೇಲೆ ಕೂರಿಸಿದರೆ ಗಾಳಿಗೆ ಸ್ವಲ್ಪ ಅಲ್ಲಾಡುತ್ತವೆ. ಮೋಡ ಕವಿದ ಒಣ ದಿನ ಪರವಾಗಿಲ್ಲ. ಆದರೆ ಮಂಜಿನ ಹನಿ ಬಿದ್ದು ಬಿಸಿಲು ಬಂತೋ, ಹನ್ನೆರಡೂ ಉಕ್ಕಿನ ಲೋಟದ ಹಾಗೆ ಮಿನುಗುತ್ತವೆ. ಒಂದು ಬೆಳಿಗ್ಗೆ ಬಂದ ಹಕ್ಕಿಗಳೆಲ್ಲ 60 ಗಜ ದೂರದಲ್ಲೇ ರೆಕ್ಕೆ ಓರೆ ಮಾಡಿ ತಿರುಗಿಕೊಂಡವು. ಬಟ್ಟೆಯಿಂದ ಒಂದೊಂದನ್ನೇ ಒರೆಸಿದೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಹೊಳಪು. ಮೇಲೆ ತುಪ್ಪುಳಿನಂಥ ಲೇಪ ಇರುವ ದೀಮಗಳೂ ಸಿಗುತ್ತವೆ. ಅವು ಇಷ್ಟು ಹೊಳೆಯುವುದಿಲ್ಲ, ಬೆಲೆ ಮಾತ್ರ ಜಾಸ್ತಿ.

ಆಮೇಲೆ ಸತ್ತ ಹಕ್ಕಿಗಳು. ಹಿಂದಿನ ವಾರದ್ದು ಐದಾರನ್ನು ಫ್ರೀಜರ್‌ನಲ್ಲಿಟ್ಟು, ಹಿಂದಿನ ರಾತ್ರಿ ಹೊರಗೆ ತೆಗೆದಿಡುತ್ತೇನೆ. ತಂತಿಯ ತೊಟ್ಟಿಲಿನ ಮೇಲೆ ಮಲಗಿಸಿ, ಗದ್ದದ ಕೆಳಗೆ ಸಣ್ಣ ಕಡ್ಡಿ ಕೊಟ್ಟು ತಲೆ ಎತ್ತಿ ನಿಲ್ಲಿಸಬೇಕು. ಇಲ್ಲೊಂದು ವಿಷಯ. ಚೆಲ್ಲಾಪಿಲ್ಲಿ ಆದ ಗರಿ ಸರಿಮಾಡದೆ ಇಟ್ಟರೆ ಕೆಲಸ ಕೆಡುತ್ತದೆ. ಎದೆಯ ಗರಿಯನ್ನು ಬೆರಳಿನಿಂದ ನೇವರಿಸಿ, ರೆಕ್ಕೆ ಮಡಿಸಿ, ರಕ್ತದ ಕಲೆ ಒರೆಸಿ ಇಡಬೇಕು. ಕತ್ತಿನ ಬಿಳಿ ಪಟ್ಟಿ ಮೇಲಿಂದ ಕಾಣಬೇಕು. ಹಾರುವ ಹಕ್ಕಿ ಮೊದಲು ಗುರುತಿಸುವುದು ಅದನ್ನೇ ಅಂತ ನನ್ನ ನಂಬಿಕೆ. ಎಲ್ಲವನ್ನೂ ಹೆಚ್ಚುಕಡಿಮೆ ಗಾಳಿಗೆ ಮುಖ ಮಾಡಿ, ಲಾಳದ ಆಕಾರದಲ್ಲಿ ಇಟ್ಟು, ನಡುವೆ ಇಳಿಯಲು ಜಾಗ ಬಿಡುತ್ತೇನೆ. ಪಾರಿವಾಳ ಗಾಳಿಗೆ ಎದುರಾಗಿಯೇ ಇಳಿಯುವುದು. ಒಂದೆರಡನ್ನು ಬಾಗುವ ಸರಳಿನ ತುದಿಗೆ ರೆಕ್ಕೆ ಬಿಡಿಸಿ ಸಿಕ್ಕಿಸಿದರೆ, ಗಾಳಿಗೆ ತೂಗಿ ಈಗಷ್ಟೇ ಇಳಿಯುತ್ತಿರುವ ಹಾಗೆ ಕಾಣುತ್ತವೆ.

ಇವಕ್ಕೆ ಬಂದ ಹಕ್ಕಿಗಳಲ್ಲಿ ಅನುಮಾನವೇ ಕಾಣಲಿಲ್ಲ. ಕಾಲು ಇಳಿಬಿಟ್ಟು, ಬಾಲ ಬೀಸಣಿಗೆಯ ಹಾಗೆ ಅಗಲಿಸಿ ನೇರ ನಡುವಿನ ಜಾಗಕ್ಕೇ ಬಂದವು. ಹೊಡೆತ ಖಚಿತವಾಗಿ ಬೀಳುವ ದೂರ ಅದು. ಗಾಯಗೊಂಡು ಹಾರಿಹೋಗುವ ಹಕ್ಕಿಗಳು ಕಡಿಮೆ. ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ತೊಂದರೆ ಅಂದ್ರೆ ಬೇಸಿಗೆಯಲ್ಲಿ ನೊಣ. ಜುಲೈ ಬಿಸಿಲಿಗೆ ಮಧ್ಯಾಹ್ನದೊಳಗೆ ಹಳೆಯವನ್ನು ತೆಗೆದು ಹೊಸದನ್ನು ಇಡಲೇಬೇಕು.

ಮೂರನೆಯದು ಯಂತ್ರ. ಇಲ್ಲಿಯವರು ಮ್ಯಾಗ್ನೆಟ್ ಅನ್ನುತ್ತಾರೆ. ನಡುವೆ ಮೋಟಾರು, ಎರಡು ಉದ್ದ ತೋಳು, ತೋಳಿನ ತುದಿಗೊಂದು ಹಕ್ಕಿ. 12 ವೋಲ್ಟ್ ಬ್ಯಾಟರಿಗೆ ಸುತ್ತು ಹೊಡೆಯುತ್ತದೆ. ಮಣ್ಣು ಬೂಟಿಗೆ ಮೆತ್ತುವ ಹೊಲದಲ್ಲಿ ಆ ಬ್ಯಾಟರಿ ಹೊತ್ತು ಅರ್ಧ ಮೈಲಿ ನಡೆದರೆ ಭುಜ ಹೇಳುತ್ತದೆ. ಜುಲೈಯಲ್ಲಿ ಮಳೆಗೆ ಮಲಗಿದ ಬಾರ್ಲಿ ಹೊಲದಲ್ಲಿ ಮೊದಲ ಸಲ ಹಚ್ಚಿದಾಗ ನನಗೆ ನಂಬಲಾಗಲಿಲ್ಲ. ದೂರದ ಪಾಪ್ಲರ್ ಸಾಲಿನ ಆಚೆ ಹೋಗುತ್ತಿದ್ದ ಹಕ್ಕಿಗಳು ದಿಕ್ಕು ಬದಲಿಸಿ ಬಂದವು. ಪ್ಲಾಸ್ಟಿಕ್ಕಾಗಲಿ, ಸುಮ್ನೆ ಮಲಗಿದ ಹಕ್ಕಿಯಾಗಲಿ ಅಷ್ಟು ದೂರಕ್ಕೆ ಕಾಣುವುದೇ ಇಲ್ಲ.

ಎರಡನೇ ಶನಿವಾರ ಅದೇ ಹೊಲ, ಅದೇ ಯಂತ್ರ. ಬಂದವು, ಒಂದು ಸುತ್ತು ನೋಡಿದವು, ಹೋದವು. ಮೂರನೇ ವಾರ ಅದು ತಿರುಗುವುದನ್ನು ಕಂಡ ಕೂಡಲೇ ದೂರ ಸರಿದವು. ಚಳಿಗಾಲದ ರೇಪ್ ಹೊಲದಲ್ಲಿ ದೊಡ್ಡ ಹಿಂಡುಗಳಂತೂ ಮೊದಲ ದಿನವೇ ಹೆದರಿದವು. ಮೋಟಾರು ನಿಲ್ಲಿಸಿ ಬರೀ ಸತ್ತ ಹಕ್ಕಿಗಳನ್ನು ಬಿಟ್ಟೆ. ಅರ್ಧ ಗಂಟೆಯಲ್ಲಿ ಎರಡು, ಮೂರು, ಹೀಗೆ ಬರತೊಡಗಿದವು. ಈಗ ಯಂತ್ರವನ್ನು ಹೊಸ ಹೊಲದ ಮೊದಲ ದಿನಕ್ಕೆ ಮಾತ್ರ ಒಯ್ಯುತ್ತೇನೆ. ಅದೂ ಬೇಸಿಗೆಯಲ್ಲಿ, ನಿಧಾನ ವೇಗಕ್ಕಿಟ್ಟು, ಉಳಿದ ದೀಮಗಳಿಂದ ಸ್ವಲ್ಪ ಆಚೆ.

ಇದೆಲ್ಲದರ ನಡುವೆ ಒಂದು ಎಚ್ಚರ. ಇಂಗ್ಲೆಂಡಿನಲ್ಲಿ ಕಾಡುಪಾರಿವಾಳ ಹೊಡೆಯುವುದಕ್ಕೆ ಜಿಎಲ್42 ಎಂಬ ಸಾಮಾನ್ಯ ಪರವಾನಗಿಯ ಷರತ್ತುಗಳಿವೆ. ಬೆಳೆಗೆ ಗಂಭೀರ ಹಾನಿ ತಡೆಯಲು ಅದು ಇರುವುದು, ಮೋಜಿಗಲ್ಲ. ಸ್ಟಾಕ್ ಡವ್ ಅನ್ನುವ ಹಕ್ಕಿ ಅದರಲ್ಲಿ ಸೇರಿಲ್ಲ. ಅದೂ ಬೂದು ಬಣ್ಣವೇ, ಸ್ವಲ್ಪ ಚಿಕ್ಕದು, ಕತ್ತಿನಲ್ಲೂ ರೆಕ್ಕೆಯಲ್ಲೂ ಬಿಳಿ ಇಲ್ಲ. ಯಂತ್ರಕ್ಕೆ ಒಮ್ಮೆ ಜೋಡಿಯೊಂದು ನುಗ್ಗಿ ಬಂತು. ಕೋವಿ ಹೆಗಲಿಗೇರಿತ್ತು. ರೆಕ್ಕೆ ಓರೆಯಾದಾಗ ಬಿಳಿ ಪಟ್ಟಿ ಕಾಣಲಿಲ್ಲ. ಕೋವಿ ಇಳಿಸಿದೆ. ಅವು ದೀಮಗಳ ನಡುವೆ ಕೂತು ಎರಡು ನಿಮಿಷ ಬಾರ್ಲಿ ತಿಂದು ಹೋದವು. ವೇಗವಾಗಿ ನುಗ್ಗುವ ಹಕ್ಕಿಯನ್ನು ಗುರುತಿಸಲು ಸಮಯ ಸಿಗುವುದಿಲ್ಲ, ನಿಧಾನಕ್ಕೆ ಇಳಿಯುವ ಹಕ್ಕಿಯಲ್ಲಿ ಎಲ್ಲ ಕಾಣುತ್ತದೆ. ಸತ್ತ ಹಕ್ಕಿಯ ದೀಮದ ಪರವಾಗಿ ಇದೂ ಒಂದು ಮಾತು.

ಹೊಡೆದದ್ದನ್ನು ನಾನು ಬಿಸಾಡುವುದಿಲ್ಲ. ಯಜಮಾನರ ಮನೆಯಲ್ಲಿ ಎದೆಯ ಮಾಂಸವನ್ನು ಬೆಣ್ಣೆಯಲ್ಲಿ ಎರಡೆರಡು ನಿಮಿಷ ಬಾಡಿಸಿ, ಒಳಗೆ ಕೆಂಪಗಿರುವಾಗಲೇ ತಿನ್ನುತ್ತಾರೆ. ನಾನು ಕರಿಮೆಣಸು, ಕಾಚಂಪುಳಿ ಹಾಕಿ ಮುಚ್ಚಿಟ್ಟು ಬೇಯಿಸುತ್ತೇನೆ. ಆ ಕಪ್ಪು ಮಾಂಸಕ್ಕೆ ಕಾಚಂಪುಳಿಯಷ್ಟು ಒಪ್ಪುವ ಹುಳಿ ಬೇರೆ ಇಲ್ಲ.

ಯಜಮಾನರು ಒಂದು ಪ್ರಶ್ನೆ ಮಾತ್ರ ಕೇಳುತ್ತಾರೆ: "ನಿನ್ನೆ ಸಂಜೆ ಬಂದು ನೋಡಿದ್ಯಾ?" ಹಕ್ಕಿಗಳು ಯಾವ ಮರದ ಸಾಲಿನ ಮೇಲಿಂದ ಬಂದು, ಹೊಲದ ಯಾವ ಮೂಲೆಗೆ ಇಳಿಯುತ್ತವೆ ಅನ್ನುವುದನ್ನು ನೋಡದೆ ಕೂತ ದಿನ, ಮೂರರಲ್ಲಿ ಯಾವ ದೀಮ ಇಟ್ಟರೂ ನನ್ನ ಚೀಲ ಖಾಲಿಯೇ. ಈಗ ಬಟಾಣಿ ಮೊಳಕೆ ಒಡೆದಿದೆ. ಗುರುವಾರ ಸಂಜೆ ದುರ್ಬೀನು ಹಿಡಿದು ಗೇಟಿನ ಹತ್ತಿರ ಒಂದು ಗಂಟೆ ನಿಂತಿದ್ದೆ. ಎಲ್ಲವೂ ಉತ್ತರದ ಮೂಲೆಗೇ ಇಳಿಯುತ್ತಿವೆ. ಫ್ರೀಜರ್‌ನಿಂದ ಆರು ಹಕ್ಕಿ ಹೊರಗೆ ತೆಗೆದಿಟ್ಟಿದ್ದೇನೆ.