ಮೈಕ್ರೋಸಾಫ್ಟ್ ಡಿಫೆಂಡರ್: ಮನೆಯ ಕಂಪ್ಯೂಟರಿನ ವೈರಸ್ ತೆಗೆಯಲು ಇಷ್ಟು ಸಾಕೇ?

ಮನೆಯವರೆಲ್ಲರೂ ಬಳಸುವ ಕಂಪ್ಯೂಟರಿನಲ್ಲಿ, ಮೊದಲು ವಿಂಡೋಸ್ 10ರಲ್ಲಿ ಮತ್ತು ಈಗ ವಿಂಡೋಸ್ 11ರಲ್ಲಿ, ವಿಂಡೋಸಿನ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಆಂಟಿವೈರಸ್ಸನ್ನು ವರ್ಷಗಳಿಂದ ಬಳಸುತ್ತಿದ್ದೇನೆ. ಬೇರೆ ಯಾವ ಆಂಟಿವೈರಸ್ಸನ್ನೂ ಅದರಲ್ಲಿ ಹಾಕಿಲ್ಲ. ಈ ಅವಧಿಯಲ್ಲಿ ನಮ್ಮ ಕಂಪ್ಯೂಟರಿಗೂ, ನೆಂಟರು ಮತ್ತು ಸ್ನೇಹಿತರು ‘ಸ್ವಲ್ಪ ನೋಡಿಕೊಡಿ’ ಎಂದು ತಂದಿಟ್ಟ ಕಂಪ್ಯೂಟರುಗಳಿಗೂ ವೈರಸ್ ತಗುಲಿದಾಗ ಹೆಚ್ಚಿನ ಸಂದರ್ಭಗಳಲ್ಲಿ ಇದನ್ನೇ ಬಳಸಿ ತೆಗೆದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವೈರಸ್ ಕಡತವನ್ನು ಪತ್ತೆಹಚ್ಚಿ ಹಿಡಿದುಹಾಕುವ ಕೆಲಸಕ್ಕೆ ಮನೆಬಳಕೆಯಲ್ಲಿ ಡಿಫೆಂಡರ್ ಸಾಕು, ಆದರೆ ಆ ಕಡತ ಸಿಕ್ಕಿಬೀಳುವ ಮುನ್ನ ಕಂಪ್ಯೂಟರಿನಲ್ಲಿ ಏನೇನು ಮಾಡಿಟ್ಟಿತ್ತೋ ಅದನ್ನೆಲ್ಲ ಹುಡುಕಿ ಸರಿಪಡಿಸುವ ಹೊಣೆ ಬಹುಪಾಲು ನಮ್ಮ ಮೇಲೆಯೇ ಉಳಿಯುತ್ತದೆ. ಹಸಿರು ಟಿಕ್ ಗುರುತು ಕಂಡ ಕೂಡಲೇ ಕೆಲಸ ಮುಗಿಯಿತೆಂದು ಎದ್ದುಹೋಗುವವರಿಗೆ ಯಾವ ಆಂಟಿವೈರಸ್ಸೂ ಸಾಲದು.

ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬಹುದು. 2004ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಒಂದು ಸಣ್ಣ ಸಂಸ್ಥೆಯ ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವ ತಂತ್ರಾಂಶ) ನಿರೋಧಕವೇ ಇದರ ಮೂಲ. 2006ರಲ್ಲಿ ಅದು ವಿಂಡೋಸ್ ಡಿಫೆಂಡರ್ ಎಂಬ ಹೆಸರಿನಲ್ಲಿ ಹೊರಬಂದಾಗಲೂ ವೈರಸ್ಸುಗಳನ್ನು ಹಿಡಿಯುತ್ತಿರಲಿಲ್ಲ. 2012ರಲ್ಲಿ ವಿಂಡೋಸ್ 8ರ ಜೊತೆಗೆ ಅದು ಪೂರ್ಣ ಪ್ರಮಾಣದ ಆಂಟಿವೈರಸ್ ಆಯಿತು. ‘ಕಂಪ್ಯೂಟರಿನ ಜೊತೆಗೆ ಬಂದದ್ದು, ಅದರಿಂದ ಏನಾಗುತ್ತದೆ’ ಎಂಬ ತಾತ್ಸಾರದ ಮಾತು ಹುಟ್ಟಿದ್ದು ಆ ಹಳೆಯ ಕಾಲದಲ್ಲಿ, ಆಗ ಆ ಮಾತಿಗೆ ಅರ್ಥವೂ ಇತ್ತು. ಈಗ ಅದನ್ನು ಹಿಡಿದುಕೊಂಡು ಕೂರುವುದಕ್ಕೆ ಕಾರಣವಿಲ್ಲ.

ವೈರಸ್ ಸಿಕ್ಕಿದಾಗ ಡಿಫೆಂಡರ್ ಒಂದು ಹೆಸರನ್ನು ತೋರಿಸುತ್ತದೆ. ಬಹಳ ಜನ ಅದನ್ನು ಓದದೆ ‘ರಿಮೂವ್’ ಒತ್ತುತ್ತಾರೆ. ಆ ಹೆಸರನ್ನು ಓದಲು ಕಲಿತರೆ ಮುಂದಿನ ಅರ್ಧ ಕೆಲಸ ಹಗುರವಾಗುತ್ತದೆ. ಉದಾಹರಣೆಗೆ ‘ಟ್ರೋಜನ್:ವಿನ್32/ವಾಕಟಾಕ್.ಬಿ!ಎಂಎಲ್’ ಎಂಬ ಹೆಸರನ್ನು ತೆಗೆದುಕೊಳ್ಳಿ. ಮೊದಲ ಭಾಗವು ಇದು ಯಾವ ಬಗೆಯದು ಎಂಬುದನ್ನು (ಟ್ರೋಜನ್ ಎಂದರೆ ಒಳ್ಳೆಯ ಪ್ರೋಗ್ರಾಮಿನ ಸೋಗಿನಲ್ಲಿ ಒಳಬರುವುದು), ಎರಡನೆಯದು ಯಾವ ವ್ಯವಸ್ಥೆಯ ಮೇಲೆ ಓಡುವುದು ಎಂಬುದನ್ನು, ಓರೆಗೆರೆಯ ನಂತರದ್ದು ಯಾವ ಕುಟುಂಬಕ್ಕೆ ಸೇರಿದ್ದು ಎಂಬುದನ್ನು ಹೇಳುತ್ತದೆ. ಕೊನೆಯ ‘ಎಂಎಲ್’ ಎಂದರೆ ಮಷೀನ್ ಲರ್ನಿಂಗ್, ಅಂದರೆ ತಿಳಿದ ವೈರಸ್ಸಿನ ನೇರ ಗುರುತು ಸಿಕ್ಕಿದ್ದಲ್ಲ, ಕಡತದ ಚಹರೆ ನೋಡಿ ಇದು ಕೆಟ್ಟದ್ದಿರಬೇಕೆಂದು ತಂತ್ರಾಂಶ ಊಹಿಸಿದೆ ಎಂದರ್ಥ. ಈ ಬಾಲಂಗೋಚಿ ಇದ್ದಾಗ ತಪ್ಪು ಎಚ್ಚರಿಕೆಯ ಸಾಧ್ಯತೆ ಸ್ವಲ್ಪ ಹೆಚ್ಚು. ಕಡತವು ನಮಗೆ ಬೇಕಾದದ್ದೇ ಆಗಿದ್ದರೆ ವೈರಸ್‌ಟೋಟಲ್ ತಾಣಕ್ಕೆ ಏರಿಸಿ, ಬೇರೆ ಬೇರೆ ಆಂಟಿವೈರಸ್ಸುಗಳು ಏನು ಹೇಳುತ್ತವೆಂದು ನೋಡಬಹುದು, ಆದರೆ ಅಲ್ಲಿಗೆ ಏರಿಸಿದ ಕಡತ ಇತರರ ಕೈಗೂ ಸಿಗಬಹುದಾದ್ದರಿಂದ ಸ್ವಂತ ದಾಖಲೆಗಳನ್ನು ಮಾತ್ರ ಅಲ್ಲಿ ಹಾಕಬಾರದು. ‘ಹ್ಯಾಕ್‌ಟೂಲ್:ವಿನ್32/ಆಟೋಕೆಎಂಎಸ್’ ಎಂದು ಬಂದರೆ ಹೆಚ್ಚು ಯೋಚಿಸಬೇಕಾಗಿಲ್ಲ: ಯಾರೋ ಹಣ ಕೊಡದೆ ವಿಂಡೋಸ್ ಅಥವಾ ಆಫೀಸನ್ನು ಸಕ್ರಿಯಗೊಳಿಸುವ ಸಾಧನವನ್ನು ಓಡಿಸಿದ್ದಾರೆ. ಅಂಥ ಸಾಧನವನ್ನು ಕೊಟ್ಟ ಪುಟವೇ ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದು ಸೂಚನೆ ಕೊಟ್ಟಿರುತ್ತದೆ, ಜನ ಅದನ್ನು ವಿಧೇಯತೆಯಿಂದ ಪಾಲಿಸಿಯೂ ಇರುತ್ತಾರೆ.

ಡಿಫೆಂಡರಿನಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದಿರುವುದು ಆಫ್‌ಲೈನ್ ಸ್ಕ್ಯಾನ್. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಮೆನುವಿನಲ್ಲಿ ಕ್ವಿಕ್, ಫುಲ್, ಕಸ್ಟಮ್ ಎಂಬ ಆಯ್ಕೆಗಳ ಕೆಳಗೆ ಕೊನೆಯಲ್ಲಿರುವ ಇದನ್ನು ಹೆಚ್ಚಿನವರು ಮುಟ್ಟಿಯೇ ಇರುವುದಿಲ್ಲ. ವಿಂಡೋಸ್ ಓಡುತ್ತಿರುವಾಗ ವೈರಸ್ಸೂ ಅದರ ಜೊತೆಯಲ್ಲೇ ಓಡುತ್ತಿರುತ್ತದೆ. ತನ್ನ ಕಡತವನ್ನು ಅಳಿಸಲು ಬಿಡದೆ ಹಿಡಿದುಕೊಳ್ಳಬಹುದು, ಒಂದನ್ನು ಅಳಿಸಿದರೆ ಇನ್ನೊಂದು ಕಡೆಯಿಂದ ಮತ್ತೆ ಸೃಷ್ಟಿಸಿಕೊಳ್ಳಬಹುದು, ರೂಟ್‌ಕಿಟ್ ಆಗಿದ್ದರೆ ಸ್ಕ್ಯಾನರಿನ ಕಣ್ಣಿಗೆ ಬೀಳದಂತೆ ಅಡಗಿಯೂ ಇರಬಹುದು. ಆಫ್‌ಲೈನ್ ಸ್ಕ್ಯಾನ್ ಆರಿಸಿದಾಗ ಕಂಪ್ಯೂಟರ್ ಮರುಪ್ರಾರಂಭವಾಗಿ, ನಿತ್ಯದ ವಿಂಡೋಸಿಗೆ ಹೋಗದೆ, ಅದರ ರಿಕವರಿ ಪರಿಸರಕ್ಕೆ (ದುರಸ್ತಿಗೆಂದೇ ಇರುವ ಪ್ರತ್ಯೇಕ ಚಿಕ್ಕ ವ್ಯವಸ್ಥೆಗೆ) ಹೋಗುತ್ತದೆ. ಅಲ್ಲಿ ಕಪ್ಪು ತೆರೆಯ ಮೇಲೆ ಒಂದು ಚಿಕ್ಕ ಕಿಟಕಿ, ಅದರಲ್ಲಿ ನಿಧಾನವಾಗಿ ತುಂಬುವ ಪಟ್ಟಿ, ಇಷ್ಟೇ ಕಾಣಿಸುತ್ತದೆ. ಸುಮಾರು 15 ನಿಮಿಷಗಳಲ್ಲಿ ಕೆಲಸ ಮುಗಿಸಿ ತಾನಾಗಿ ವಿಂಡೋಸಿಗೆ ಮರಳುತ್ತದೆ. ಆ ಹೊತ್ತಿನಲ್ಲಿ ವೈರಸ್ಸಿಗೆ ಜೀವವಿರುವುದಿಲ್ಲವಾದ್ದರಿಂದ ಅದು ತಡೆಯೊಡ್ಡಲಾರದು. ‘ಅಳಿಸಿದೆ ಎನ್ನುತ್ತದೆ, ನಾಳೆ ಮತ್ತೆ ಬರುತ್ತದೆ’ ಎಂದು ದೂರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸ್ಕ್ಯಾನಿಗೆ ಮುನ್ನ ವೈರಸ್ ಪಟ್ಟಿಯನ್ನು ಅಪ್‌ಡೇಟ್ ಮಾಡಿಕೊಂಡಿರಬೇಕು, ತೆರೆದ ಕೆಲಸವನ್ನು ಉಳಿಸಿರಬೇಕು, ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸಿನದೇ ಆದ ಡಿಸ್ಕಿನ ಬೀಗ) ಹಾಕಿದ್ದರೆ ಅದರ ರಿಕವರಿ ಕೀ ಕೈಯಲ್ಲಿರಬೇಕು. ಫಲಿತಾಂಶವನ್ನು ಅದು ದೊಡ್ಡದಾಗಿ ಘೋಷಿಸುವುದಿಲ್ಲ, ಪ್ರೊಟೆಕ್ಷನ್ ಹಿಸ್ಟರಿಗೆ ಹೋಗಿ ನಾವೇ ನೋಡಬೇಕು.

ಇನ್ನು ಡಿಫೆಂಡರ್ ನಮ್ಮ ಪಾಲಿಗೆ ಬಿಡುವ ಕೆಲಸಕ್ಕೆ ಬರುತ್ತೇನೆ. ಕಡತ ಕ್ವಾರಂಟೈನಿಗೆ, ಅಂದರೆ ಓಡದಂತೆ ಬಂಧಿಸಿಡುವ ಜಾಗಕ್ಕೆ, ಹೋದ ಮೇಲೆ ನಾನು ಮೊದಲು ನೋಡುವುದು ಡಿಫೆಂಡರಿನದೇ ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನು. ‘ಈ ಫೋಲ್ಡರನ್ನು ಪರೀಕ್ಷಿಸಬೇಡ’ ಎಂದು ಬರೆದಿಡುವ ಜಾಗ ಅದು. ಅಡ್ಮಿನಿಸ್ಟ್ರೇಟರ್ ಅನುಮತಿ ಪಡೆದ ಟ್ರೋಜನ್, ಆದೇಶ ಬರೆದು ವಿಂಡೋಸನ್ನು ನಡೆಸುವ ಪವರ್‌ಶೆಲ್ ಎಂಬ ಸಾಧನದ ಒಂದೇ ಸಾಲಿನ ಆದೇಶದಿಂದ ಅಲ್ಲಿ ತನ್ನ ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ, ಸೇರಿಸಿಬಿಡಬಹುದು. ಸ್ನೇಹಿತರೊಬ್ಬರ ಕಂಪ್ಯೂಟರಿನಲ್ಲಿ ಕಂಡದ್ದು ಹೀಗೆಯೇ: ಎಲ್ಲ ಕಡೆ ಹಸಿರು ಗುರುತು, ಸ್ಕ್ಯಾನ್ ಕ್ಷಣಮಾತ್ರದಲ್ಲಿ ಮುಗಿದು ‘ಅಪಾಯವಿಲ್ಲ’ ಎನ್ನುತ್ತಿತ್ತು, ಎಕ್ಸ್‌ಕ್ಲೂಷನ್ಸ್ ತೆರೆದರೆ ಸಿ ಡ್ರೈವ್ ಅಲ್ಲಿ ಕುಳಿತಿತ್ತು. ಅದನ್ನು ತೆಗೆದುಹಾಕಿ ಮತ್ತೆ ಸ್ಕ್ಯಾನ್ ಮಾಡಿದ ಮೇಲಷ್ಟೇ ನಿಜವಾದ ಪಟ್ಟಿ ಹೊರಬಂತು. ಮನೆಬಳಕೆಯ ಸಾಮಾನ್ಯ ಕಂಪ್ಯೂಟರಿನಲ್ಲಿ ಈ ಜಾಗ ಖಾಲಿಯಾಗಿರಬೇಕು.

ಎರಡನೆಯದು ಟಾಸ್ಕ್ ಶೆಡ್ಯೂಲರ್. ನಿಗದಿತ ಸಮಯಕ್ಕೆ, ಇಲ್ಲವೇ ಬಳಕೆದಾರರು ಲಾಗಿನ್ ಆದಾಗ, ಯಾವುದಾದರೂ ಪ್ರೋಗ್ರಾಮನ್ನು ಓಡಿಸುವ ವ್ಯವಸ್ಥೆ ಇದು. ವೈರಸ್ಸುಗಳು ಮರಳಿ ಬರುವ ದಾರಿಯೂ ಹೌದು. ಬ್ರೌಸರಿನ ಅಪ್‌ಡೇಟರ್ ಇರಬೇಕು ಎನ್ನಿಸುವಂಥ ಹೆಸರಿನ ಒಂದು ಟಾಸ್ಕ್ ಇರುತ್ತದೆ, ಆದರೆ ಅದರ ‘ಆಕ್ಷನ್ಸ್’ ಪುಟ ತೆರೆದರೆ ಪವರ್‌ಶೆಲ್‌ನ ಹೆಸರು, ಅದರ ಮುಂದೆ ಕಿಟಕಿಯನ್ನು ಮರೆಮಾಡುವ ಸೂಚನೆ, ಅದರಾಚೆಗೆ ಅರ್ಥವಾಗದ ಅಕ್ಷರಗಳ ಉದ್ದನೆಯ ಸಾಲು. ಲಾಗಿನ್ ಆದಾಗ ಒಂದು ಕಪ್ಪು ಕಿಟಕಿ ಮಿಂಚಿ ಮಾಯವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನೇರವಾಗಿ ಇಲ್ಲಿಗೇ ಬರುತ್ತೇನೆ. ಇಲ್ಲಿ ಮೈಕ್ರೋಸಾಫ್ಟಿನವೇ ಆದ ಟಾಸ್ಕುಗಳೂ ಬಹಳಷ್ಟಿವೆ. ಆದ್ದರಿಂದ ಗೊತ್ತಿಲ್ಲದ್ದನ್ನು ಅಳಿಸುವುದಕ್ಕಿಂತ ‘ಡಿಸೇಬಲ್’ ಮಾಡಿ ಒಂದೆರಡು ದಿನ ನೋಡುವುದು ಕ್ಷೇಮ.

ಬ್ರೌಸರಿನ ಸಂಗತಿ ಬೇರೆಯೇ. ತೆರೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಈಗಲೇ ಸ್ವಚ್ಛಗೊಳಿಸಿ’ ಎಂಬ ಕೆಂಪು ಸೂಚನೆಗಳು ಒಂದರ ಹಿಂದೊಂದು ಬರುತ್ತಿವೆ, ಎಷ್ಟು ಸ್ಕ್ಯಾನ್ ಮಾಡಿದರೂ ಏನೂ ಸಿಗುತ್ತಿಲ್ಲ ಎಂಬ ದೂರು ನನ್ನ ಬಳಿಗೆ ಬರುವ ದೂರುಗಳಲ್ಲೆಲ್ಲ ಅತಿ ಸಾಮಾನ್ಯವಾದದ್ದು. ಸ್ಕ್ಯಾನಿನಲ್ಲಿ ಸಿಗುವುದಿಲ್ಲ, ಏಕೆಂದರೆ ಅಲ್ಲಿ ವೈರಸ್ಸೇ ಇರುವುದಿಲ್ಲ. ಯಾವುದೋ ತಾಣ ‘ನೀವು ರೋಬಾಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದಾಗ ಒತ್ತಿದ್ದರಿಂದ ಆ ತಾಣಕ್ಕೆ ನೋಟಿಫಿಕೇಷನ್ ಕಳುಹಿಸುವ ಅನುಮತಿ ಸಿಕ್ಕಿರುತ್ತದೆ, ಅಷ್ಟೆ. ಬ್ರೌಸರಿನ ಸೈಟ್ ಪರ್ಮಿಷನ್ಸ್ ಪುಟದಲ್ಲಿ ಆ ತಾಣದ ಹೆಸರನ್ನು ತೆಗೆದರೆ ಕಾಟ ನಿಲ್ಲುತ್ತದೆ. ಹಾಗೆಯೇ ಹುಡುಕಾಟದ ಪುಟ ತಾನಾಗಿ ಬದಲಾಗುತ್ತಿದ್ದರೆ ಎಕ್ಸ್‌ಟೆನ್ಷನ್ನುಗಳನ್ನು (ಬ್ರೌಸರಿಗೆ ಸೇರಿಸಿದ ಕಿರು ಪ್ರೋಗ್ರಾಮುಗಳನ್ನು) ನೋಡಬೇಕು, ಇಂಟರ್‌ನೆಟ್ ಎಲ್ಲೆಲ್ಲಿಗೋ ಹೋಗುತ್ತಿದ್ದರೆ ಸಂಪರ್ಕವನ್ನು ಬೇರೆ ಕಂಪ್ಯೂಟರಿನ ಮೂಲಕ ಹಾಯಿಸುವ ಪ್ರಾಕ್ಸಿ ಸೆಟ್ಟಿಂಗನ್ನೂ ತಾಣದ ಹೆಸರನ್ನು ಬೇರೆ ವಿಳಾಸಕ್ಕೆ ತಿರುಗಿಸಬಲ್ಲ ಹೋಸ್ಟ್ಸ್ ಕಡತವನ್ನೂ ನೋಡಬೇಕು. ಇವುಗಳಲ್ಲಿ ಕೆಲವನ್ನು ಡಿಫೆಂಡರ್ ಗುರುತಿಸುತ್ತದೆ, ಎಲ್ಲವನ್ನೂ ಅಲ್ಲ. ಬಳಕೆದಾರರೇ ಕೊಟ್ಟ ಅನುಮತಿಯನ್ನು ಆಂಟಿವೈರಸ್ ಹಿಂದಕ್ಕೆ ಪಡೆಯಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲವೇನೋ.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಪಾಸ್‌ವರ್ಡುಗಳು. ಇತ್ತೀಚಿನ ಟ್ರೋಜನ್ನುಗಳಲ್ಲಿ ಬಹಳಷ್ಟು ಕಂಪ್ಯೂಟರನ್ನು ಕೆಡಿಸುವ ಗೋಜಿಗೇ ಹೋಗುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಕುಕೀಗಳನ್ನೂ (ನಾವು ಲಾಗಿನ್ ಆಗಿದ್ದೇವೆಂದು ತಾಣಕ್ಕೆ ನೆನಪಿಸುವ ಚಿಕ್ಕ ಗುರುತುಗಳನ್ನೂ) ಕೆಲವೇ ನಿಮಿಷಗಳಲ್ಲಿ ನಕಲು ಮಾಡಿ ಕಳ್ಳರಿಗೆ ಕಳುಹಿಸಿಬಿಡುತ್ತವೆ. ಕುಕೀ ಕೈಸೇರಿದರೆ ಪಾಸ್‌ವರ್ಡಾಗಲಿ ಒಟಿಪಿಯಾಗಲಿ ಇಲ್ಲದೆಯೇ ನಾವು ಈಗಾಗಲೇ ಲಾಗಿನ್ ಆಗಿರುವ ಖಾತೆಯೊಳಗೆ ಅವರು ಕಾಲಿಡಬಹುದು. ಮನೆಗೆ ನುಗ್ಗಿದವನನ್ನು ಹೊರದಬ್ಬಿದ್ದೇವೆ, ಅವನ ಜೇಬಿನಲ್ಲಿರುವ ನಕಲಿ ಕೀಲಿಕೈ ಹಾಗೆಯೇ ಉಳಿದಿದೆ ಎನ್ನುವ ಸ್ಥಿತಿ ಇದು. ಆದ್ದರಿಂದ ಸೋಂಕಿಲ್ಲದ ಇನ್ನೊಂದು ಸಾಧನದಿಂದ ಮೊದಲು ಇಮೇಲ್, ನಂತರ ಬ್ಯಾಂಕ್, ನಂತರ ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸಿ, ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಎಂಬ ಆಯ್ಕೆಯನ್ನೂ ಒತ್ತಬೇಕು. ಸೋಂಕು ತಗುಲಿದ ಕಂಪ್ಯೂಟರಿನಲ್ಲೇ ಕುಳಿತು ಬದಲಿಸಿದರೆ ಹೊಸ ಪಾಸ್‌ವರ್ಡನ್ನೂ ಅವರ ಕೈಗಿತ್ತಂತೆ. ಈ ವಿಷಯದಲ್ಲಿ ಡಿಫೆಂಡರ್ ಇನ್ನಷ್ಟು ಗಟ್ಟಿಯಾಗಿ ಎಚ್ಚರಿಸಬಹುದಿತ್ತು: ಪಾಸ್‌ವರ್ಡ್ ಕದಿಯುವ ಬಗೆಯ ವೈರಸ್ಸಿಗೆ ಹೆಸರಿನಲ್ಲಿ ‘ಪಿಡಬ್ಲ್ಯುಎಸ್’ ಎಂಬ ಗುರುತನ್ನು ಕೊಡುವ ತಂತ್ರಾಂಶಕ್ಕೆ, ಅದರ ಅರ್ಥವನ್ನು ಒಂದು ಸರಳ ವಾಕ್ಯದಲ್ಲಿ ಬಳಕೆದಾರರಿಗೆ ಹೇಳುವುದು ಕಷ್ಟವಾಗಬಾರದು.

ಫೋಲ್ಡರುಗಳನ್ನು ಬಚ್ಚಿಟ್ಟು ಅವುಗಳ ಜಾಗದಲ್ಲಿ ಶಾರ್ಟ್‌ಕಟ್ಟುಗಳನ್ನು ಇಡುವ, ಪೆನ್‌ಡ್ರೈವಿನ ‘ಶಾರ್ಟ್‌ಕಟ್ ವೈರಸ್’ ಹಳೆಯದಾದರೂ ಇನ್ನೂ ಅಲ್ಲಲ್ಲಿ ಕಾಣಿಸುತ್ತದೆ. ಪೆನ್‌ಡ್ರೈವಿನ ಮೇಲೆ ಬಲಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿದರೆ ಡಿಫೆಂಡರ್ ಅದನ್ನು ತೆಗೆಯುತ್ತದೆ, ಆದರೆ ಫೋಲ್ಡರುಗಳು ಮಾತ್ರ ಕಾಣಿಸುವುದಿಲ್ಲ, ಬಳಕೆದಾರರು ‘ಎಲ್ಲ ಅಳಿಸಿಹೋಯಿತು’ ಎಂದು ಗಾಬರಿಯಾಗುತ್ತಾರೆ. ವೈರಸ್ ಆ ಫೋಲ್ಡರುಗಳಿಗೆ ಹಿಡನ್ ಮತ್ತು ಸಿಸ್ಟಮ್ ಎಂಬ ಎರಡೂ ಗುರುತುಗಳನ್ನು ಹಾಕಿರುವುದರಿಂದ ‘ಹಿಡನ್ ಐಟಮ್ಸ್’ ಆನ್ ಮಾಡಿದರೂ ಅವು ಕಾಣುವುದಿಲ್ಲ. ಕಮ್ಯಾಂಡ್ ಪ್ರಾಂಪ್ಟಿನಲ್ಲಿ ಆಟ್ರಿಬ್ ಆದೇಶದಿಂದ ಎರಡನ್ನೂ ತೆಗೆಯಬೇಕು. ದತ್ತಾಂಶ ಅಲ್ಲೇ ಇರುತ್ತದೆ.

ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಗ್ಗೆ ಇಂಥ ಸಮಾಧಾನದ ಮಾತು ಹೇಳುವಂತಿಲ್ಲ. ಕಡತಗಳು ಒಮ್ಮೆ ಎನ್‌ಕ್ರಿಪ್ಟ್ ಆದರೆ (ಕೀಲಿಯಿಲ್ಲದೆ ಓದಲಾಗದ ರೂಪಕ್ಕೆ ಬದಲಾದರೆ) ವೈರಸ್ಸನ್ನು ತೆಗೆದ ಮಾತ್ರಕ್ಕೆ ಅವು ಹಿಂದಿರುಗುವುದಿಲ್ಲ. ಐರೋಪ್ಯ ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಭದ್ರತಾ ಸಂಸ್ಥೆಗಳು ಸೇರಿ 2016ರಲ್ಲಿ ಆರಂಭಿಸಿದ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಕೆಲವು ಬಗೆಗಳಿಗೆ ಬಿಡಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ, ಎಲ್ಲಕ್ಕೂ ಅಲ್ಲ. ಡಿಫೆಂಡರಿನಲ್ಲಿ 2017ರಿಂದ ಇರುವ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬ ರಕ್ಷಣೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರುಗಳಲ್ಲಿ ಅಪರಿಚಿತ ಪ್ರೋಗ್ರಾಮುಗಳು ಬರೆಯದಂತೆ ತಡೆಯುತ್ತದೆ. ಅದು ಮೊದಲಿನಿಂದ ಆನ್ ಆಗಿರುವುದಿಲ್ಲ, ನಾವೇ ಆನ್ ಮಾಡಿಕೊಳ್ಳಬೇಕು. ಆರಂಭದಲ್ಲಿ ನಮಗೆ ಬೇಕಾದ ಪ್ರೋಗ್ರಾಮುಗಳನ್ನೂ ಅದು ತಡೆಯುವುದುಂಟು, ಒಂದೊಂದಕ್ಕೂ ಅನುಮತಿ ಕೊಡುವಷ್ಟು ತಾಳ್ಮೆ ಬೇಕು. ಅದಿದ್ದರೂ, ಕೆಲಸ ಮುಗಿದ ಮೇಲೆ ಕಂಪ್ಯೂಟರಿನಿಂದ ಕಳಚಿಡುವ ಹೊರಗಿನ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರಲೇಬೇಕು.

ವೇಗದ ವಿಷಯದಲ್ಲಿ ನನಗೆ ದೊಡ್ಡ ತಕರಾರಿಲ್ಲ. ಎಸ್‌ಎಸ್‌ಡಿ ಇರುವ ಕಂಪ್ಯೂಟರಿನಲ್ಲಿ ಇದು ಇದೆಯೆಂಬುದೇ ತಿಳಿಯುವುದಿಲ್ಲ. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಫುಲ್ ಸ್ಕ್ಯಾನ್ ಗಂಟೆಗಟ್ಟಲೆ ಹಿಡಿಯುವುದರಿಂದ ರಾತ್ರಿ ಬಿಟ್ಟು ಮಲಗುವುದೇ ಸರಿ. ಇದಕ್ಕೂ ಮೊದಲು ನಾನು ಹಣ ಕೊಟ್ಟು ಬಳಸುತ್ತಿದ್ದ ಬೇರೊಂದು ಆಂಟಿವೈರಸ್, ವೈರಸ್ಸಿಗಿಂತ ಹೆಚ್ಚಾಗಿ ತನ್ನ ನವೀಕರಣದ ಜಾಹೀರಾತನ್ನೇ ತೋರಿಸುತ್ತಿತ್ತು. ಡಿಫೆಂಡರಿನಲ್ಲಿ ಆ ಕಿರಿಕಿರಿ ಇಲ್ಲ.

ಎರಡನೆಯ ಅಭಿಪ್ರಾಯ ಬೇಕೆನಿಸಿದಾಗ ಮೈಕ್ರೋಸಾಫ್ಟಿನದೇ ಸೇಫ್ಟಿ ಸ್ಕ್ಯಾನರ್ ಇಳಿಸಿಕೊಳ್ಳುತ್ತೇನೆ. ಅದರ ಅವಧಿ 10 ದಿನ ಮಾತ್ರ, ಆಮೇಲೆ ಹೊಸದಾಗಿ ಇಳಿಸಿಕೊಳ್ಳಬೇಕು. ಆದರೆ ಅದರ ಪತ್ತೆಪಟ್ಟಿಯೂ ಡಿಫೆಂಡರಿನದೇ ಆದ್ದರಿಂದ, ನಿಜವಾಗಿಯೂ ಬೇರೆ ಕಣ್ಣು ಬೇಕಿದ್ದರೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯಂಥದ್ದು ಉತ್ತಮ. ಸದಾ ಕಾವಲಿರುವ ಎರಡು ಆಂಟಿವೈರಸ್ಸುಗಳನ್ನು ಒಟ್ಟಿಗೆ ಇಟ್ಟುಕೊಳ್ಳಬಾರದು. ಇನ್ನೊಂದನ್ನು ಹಾಕಿದರೆ ಸಾಮಾನ್ಯವಾಗಿ ಡಿಫೆಂಡರ್ ತಾನೇ ಹಿಂದೆ ಸರಿಯುತ್ತದೆ, ಆ ಇನ್ನೊಂದರ ಅವಧಿ ಮುಗಿದದ್ದನ್ನು ಮರೆತು ಕುಳಿತವರ ಕಂಪ್ಯೂಟರುಗಳಲ್ಲೇ ನಾನು ಹೆಚ್ಚು ವೈರಸ್ ಕಂಡಿದ್ದೇನೆ.

ಇಷ್ಟೆಲ್ಲ ಮಾಡಿದ ಮೇಲೂ ಅದೇ ಹೆಸರು ಮರಳಿ ಬಂದರೆ, ಅಥವಾ ಡಿಫೆಂಡರನ್ನು ತೋರಿಸುವ ವಿಂಡೋಸ್ ಸೆಕ್ಯುರಿಟಿ ಕಿಟಕಿಯೇ ತೆರೆಯದಿದ್ದರೆ, ಇನ್ನು ಹುಡುಕುತ್ತ ಕೂರುವುದು ವ್ಯರ್ಥ. ಬೇಕಾದ ದಾಖಲೆಗಳನ್ನಷ್ಟೇ ಬೇರೆಡೆಗೆ ತೆಗೆದು, ಇನ್ನೊಂದು ಕಂಪ್ಯೂಟರಿನಲ್ಲಿ ತಯಾರಿಸಿದ ಯುಎಸ್‌ಬಿಯಿಂದ ವಿಂಡೋಸನ್ನು ಹೊಸದಾಗಿ ಹಾಕಬೇಕು. ವಿಂಡೋಸನ್ನು ಹಿಂದಿನ ದಿನದ ಸ್ಥಿತಿಗೆ ಒಯ್ಯುವ ಸಿಸ್ಟಮ್ ರಿಸ್ಟೋರ್ ಇದಕ್ಕೆ ಪರ್ಯಾಯವಲ್ಲ, ಅದು ನಮ್ಮ ಸ್ವಂತ ಫೋಲ್ಡರುಗಳೊಳಗಿನ ಕಡತಗಳನ್ನು ಮುಟ್ಟುವುದಿಲ್ಲವಾದ್ದರಿಂದ ಅಲ್ಲಿ ಅಡಗಿದ ವೈರಸ್ ಹಾಗೆಯೇ ಉಳಿಯಬಹುದು.

ವಿಂಡೋಸ್ 10ರಲ್ಲೇ ಇರುವವರಿಗೆ ಒಂದು ಮಾತು. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿನ ವೈರಸ್ ಪಟ್ಟಿಯ ಅಪ್‌ಡೇಟುಗಳು 2028ರ ಅಕ್ಟೋಬರ್‌ವರೆಗೆ ಬರುತ್ತವೆಯೆಂದು ಮೈಕ್ರೋಸಾಫ್ಟ್ ಹೇಳಿದ್ದರೂ, ವಿಸ್ತರಿತ ಭದ್ರತಾ ಅಪ್‌ಡೇಟುಗಳಿಗೆ ಸೇರಿಕೊಳ್ಳದ ಕಂಪ್ಯೂಟರಿನಲ್ಲಿ ವಿಂಡೋಸಿನೊಳಗಿನ ಹೊಸ ಲೋಪಗಳು ಮುಚ್ಚದೆ ಉಳಿಯುತ್ತವೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿದ್ದು ಅಂಥ ಲೋಪದಿಂದಲೇ, ಅದೂ ಮಾರ್ಚ್ ತಿಂಗಳಲ್ಲೇ ಪ್ಯಾಚ್ (ಲೋಪ ಮುಚ್ಚುವ ಅಪ್‌ಡೇಟ್) ಬಿಡುಗಡೆಯಾಗಿದ್ದರೂ ಹಾಕಿಕೊಳ್ಳದಿದ್ದ ಕಂಪ್ಯೂಟರುಗಳಲ್ಲಿ. ಆದ್ದರಿಂದ ಈ ವಿಮರ್ಶೆಯಲ್ಲಿ ಡಿಫೆಂಡರ್ ಬಗ್ಗೆ ನಾನು ಹೇಳಿದ ಒಳ್ಳೆಯ ಮಾತುಗಳು, ಅಪ್‌ಡೇಟುಗಳು ಸರಿಯಾಗಿ ಬರುತ್ತಿರುವ ವಿಂಡೋಸಿಗೆ ಮಾತ್ರ ಅನ್ವಯಿಸುತ್ತವೆ.