ನೆರೆ ಇಳಿದ ಕೂಡಲೇ ಗೋಡೆಗೆ ಸುಣ್ಣ ಬಳಿಯಬೇಡಿ

2019ರ ಆಗಸ್ಟ್. ಪಂಚಮಿಗೆ ಕಟ್ಟಿದ ಉಂಡಿ ಇನ್ನೂ ಡಬ್ಬಿಯಲ್ಲೇ ಇದ್ದವು, ಮಲಪ್ರಭೆ ಮನೆಯೊಳಗೆ ಬಂದಳು. ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿದ ವರ್ಷವದು. ನದಿದಂಡೆಯ ನಮ್ಮ ಮಣ್ಣಿನ ಮನೆಯ ಪಾಡು ಹೇಳಬೇಕೇ? ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಡುತ್ತಾರೆಂದು ಮೊದಲೇ ಡಂಗುರ ಸಾರಿದ್ದರಿಂದ ಜೀವ ಉಳಿಯಿತು. ಆದರೆ ನೀರು ಇಳಿದ ಮೇಲೆ ನಾವು ಮಾಡಿದ ತಪ್ಪುಗಳು ನೀರಿಗಿಂತ ಹೆಚ್ಚು ಕಳೆದವು.

ಶಾಲೆಯಲ್ಲಿದ್ದ ಪರಿಹಾರ ಕೇಂದ್ರದಿಂದ ಮರಳಿದಾಗ ಪಡಸಾಲೆಯಲ್ಲಿ ಮೊಣಕಾಲುದ್ದ ರಾಡಿ. ಹಗೇವಿನ, ಅಂದರೆ ನೆಲದೊಳಗಿನ ಕಣಜದ ಜೋಳ ಕೊಳೆತು ನಾರುತ್ತಿತ್ತು. ಅಡುಗೆಮನೆಯ ಹಿಂಗೋಡೆ ನೆಲಕ್ಕೊರಗಿತ್ತು. ಶ್ರಾವಣದಲ್ಲಿ ಮನೆ ಹೀಗಿರಬಾರದೆಂದು ಅವ್ವ ಪಟ್ಟು ಹಿಡಿದಳು. ನಾಲ್ಕೇ ದಿನಗಳಲ್ಲಿ ರಾಡಿ ಬಳಿದು ಹಾಕಿ, ಬಿದ್ದ ಗೋಡೆಯ ಮಣ್ಣನ್ನು ತಿಪ್ಪೆಗೆ ಸಾಗಿಸಿ, ನೆಲ ಸಾರಿಸಿ, ಉಳಿದ ಗೋಡೆಗಳಿಗೆ ಸುಣ್ಣ ಬಳಿದೆವು. ಒಂದೇ ಒಂದು ಫೋಟೊ ತೆಗೆಯಲಿಲ್ಲ. ಪರಿಹಾರಕ್ಕಾಗಿ ಮನೆಹಾನಿಯ ಸಮೀಕ್ಷೆ ಮಾಡುವವರು ಬಂದದ್ದು ಅದಾದ ಮೇಲೆ. ಬೆಳ್ಳಗಿದ್ದ ಗೋಡೆಗಳನ್ನು ನೋಡಿ ‘ಸಿ’ ಎಂದು ಬರೆದುಕೊಂಡು ಹೋದರು.

ಆ ಒಂದಕ್ಷರದ ಬೆಲೆ ನಮಗೆ ಗೊತ್ತಿರಲಿಲ್ಲ. ಆಗ ಮನೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹಾಳಾಗಿದ್ದರೆ ‘ಎ’, ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ‘ಬಿ’, ಶೇ 15ರಿಂದ ಕಾಲು ಭಾಗದವರೆಗಾದರೆ ‘ಸಿ’. ಆ ಸಲ ‘ಎ’ಗೆ 5 ಲಕ್ಷ ರೂಪಾಯಿ ಪರಿಹಾರ, ‘ಸಿ’ಗೆ 50 ಸಾವಿರ.

ನೀರಿನಲ್ಲಿ ನಿಂತಾಗ ಬೀಳದ ಮಣ್ಣಿನ ಗೋಡೆ ಒಣಗುವಾಗ ಬೀಳಬಹುದು. ಇದನ್ನು ದಯವಿಟ್ಟು ನೆನಪಿಡಿ. ಗೋಡೆಯ ಬುಡ ನೀರು ಕುಡಿದು ಮೆತ್ತಗಾಗಿರುತ್ತದೆ, ಮೇಲೆ ಮಾಳಿಗೆಯ, ಅಂದರೆ ಚಾವಣಿಯ ಮಣ್ಣಿನ ಭಾರ ಹಾಗೆಯೇ ಇರುತ್ತದೆ. ಬಿಸಿಲಿಗೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಹಸಿ ಉಳಿಯುತ್ತದೆ, ಬುಡದಿಂದ ಬಿರುಕು ಏರುತ್ತದೆ. ಸುಣ್ಣ ಬಳಿದು ಆ ಬಿರುಕುಗಳನ್ನು ನಮ್ಮ ಕಣ್ಣಿಗೂ ಕಾಣದಂತೆ ಮಾಡಿಕೊಂಡಿದ್ದೆವು. ದಸರೆ ಕಳೆದ ಮೇಲೆ ಒಂದು ರಾತ್ರಿ ಪಡಸಾಲೆಯ ಗೋಡೆ ತೊಲೆಗಳ ಸಮೇತ ಕುಸಿಯಿತು. ಅವ್ವ ದಿನವೂ ಮಲಗುತ್ತಿದ್ದದ್ದು ಅಲ್ಲೇ. ಅಂದು ಕಾಕಾನ ಮನೆಗೆ ಹೋಗಿದ್ದಳು.

ಮರುಸಮೀಕ್ಷೆಗೆ ಅರ್ಜಿ ಹಿಡಿದು ಹೋದರೆ ಮನೆ ಉತಾರ, ಅಂದರೆ ಮನೆ ಯಾರ ಹೆಸರಿನಲ್ಲಿದೆ ಎಂಬ ದಾಖಲೆ ಕೇಳಿದರು. ಅದು ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು. ವಾರಸಾ ಮಾಡಿಸಲು, ಅಂದರೆ ಅದನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅಪ್ಪ, ಕಾಕಾ, ಮೂವರು ಅತ್ತೆಯರ ಸಹಿ ಕೂಡಿಸುವಷ್ಟರಲ್ಲಿ ತಿಂಗಳುಗಳೇ ಉರುಳಿದವು. ಆ ನಡುವೆ ‘ಸಿ’ಯನ್ನು ‘ಎ’ ಮಾಡಿಸಿಕೊಡುತ್ತೇನೆಂದು ಒಬ್ಬ 15 ಸಾವಿರ ಪಡೆದ. ಕೈಗಡ ತಂದು ಕೊಟ್ಟ ಹಣವದು. ಆಮೇಲೆ ಅವನು ಫೋನ್ ಎತ್ತಲಿಲ್ಲ. ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಿಮ್ಮ ಮನೆಗೂ ನೀರು ಬಂದರೆ ಪೊರಕೆ ಹಿಡಿಯುವ ಮುಂಚೆ ಮೊಬೈಲ್ ಹಿಡಿಯಿರಿ. ನೀರು ಏರಿದ ಗುರುತು, ಬಿರುಕು, ಬಿದ್ದ ಮಣ್ಣು, ತೊಯ್ದ ಕಾಳು ಎಲ್ಲದರ ಫೋಟೊವನ್ನೂ ಒಳಗಿನಿಂದಲೂ ಹೊರಗಿನಿಂದಲೂ ತೆಗೆದಿಡಿ. ವಿದ್ಯುತ್ ತಂತಿಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸದೆ ಸ್ವಿಚ್ ಮುಟ್ಟಬೇಡಿ. ಸಮೀಕ್ಷೆಗೆ ಬಂದವರನ್ನು ಅಲ್ಲೇ ನಿಲ್ಲಿಸಿ, ಯಾವ ವರ್ಗ ಬರೆದಿರಿ ಎಂದು ಕೇಳಿ. ಒಪ್ಪಿಗೆಯಾಗದಿದ್ದರೆ ಅದೇ ವಾರ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅನುಭವಿ ಗೌಂಡಿ ಅಥವಾ ಇಂಜಿನಿಯರ್ ನೋಡಿ ಹೇಳುವ ತನಕ ನೆನೆದ ಮಾಳಿಗೆಯ ಕೆಳಗೆ ಯಾರೂ ಮಲಗಬೇಡಿ, ಮಕ್ಕಳನ್ನಂತೂ ಮಲಗಿಸಲೇಬೇಡಿ.

ನಮ್ಮ ಉತಾರ ಈಗ ಅಪ್ಪನ ಹೆಸರಿಗೆ ಬಂದಿದೆ. ಉಳಿದ ಎರಡು ಕೋಣೆಗಳ ಮೂಲೆಮೂಲೆಯ ಫೋಟೊವನ್ನು ಬಿಸಿಲಿರುವಾಗಲೇ ತೆಗೆದು, ಉತಾರದ ಪ್ರತಿಯ ಜೊತೆಗೆ ಬೆಂಗಳೂರಿನಲ್ಲಿರುವ ತಮ್ಮನ ಮೊಬೈಲಿಗೂ ಕಳುಹಿಸಿದ್ದೇನೆ.